ಇಂದಿನ ಧಮ್ಮ ಚಿಂತನೆ: ತಳದ ಹೂಳು



ಹಾನಗಲ್, ಸವಣೂರು ಸೀಮೆಯ ಹೊಲದ ಮಣ್ಣು ಮಳೆಗೆ ಕೊಚ್ಚಿ ವರದಾ ನದಿಗೆ ಹೋಗುತ್ತದೆ, ಹಿರೇಕೆರೂರಿನದು ಕುಮುದ್ವತಿಗೆ. ಎರಡೂ ತುಂಗಭದ್ರೆಯನ್ನು ಸೇರುತ್ತವೆ. 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿ ಮಾತ್ರ ನಿಲ್ಲುತ್ತದೆ. ಉಳಿದ ಜಾಗ ಹೂಳಿನ ಪಾಲು.

ದ್ವೇಷವೂ ಹೀಗೆಯೇ ಸದ್ದಿಲ್ಲದೆ ಮನಸ್ಸಿನ ತಳದಲ್ಲಿ ಕೂರುತ್ತದೆ. ಅದಕ್ಕೆ ಭಗವಾನ್ ಬುದ್ಧರು ತೋರಿದ ದಾರಿ ಸಮ್ಮಾ ವಾಯಾಮ: ಬಾರದ ಕೇಡನ್ನು ತಡೆಯುವುದು, ಬಂದದ್ದನ್ನು ತೆಗೆಯುವುದು, ಇಲ್ಲದ ಒಳಿತನ್ನು ಬೆಳೆಸುವುದು, ಬೆಳೆದದ್ದನ್ನು ಕಾಪಾಡುವುದು. ರೈತ ಮಾಡುವುದೂ ಇದನ್ನೇ. ಹೊಲಕ್ಕೆ ಒಡ್ಡು ಹಾಕುತ್ತಾನೆ, ಕೆರೆಯ ಹೂಳು ತೆಗೆಯುತ್ತಾನೆ, ಅದನ್ನೇ ಹೊಲಕ್ಕೆ ಹರಡಿ ಬೆಳೆ ಬೆಳೆದು ಕಾಯುತ್ತಾನೆ.

ಬಾಬಾಸಾಹೇಬರು ಅವಮಾನವನ್ನು ದ್ವೇಷವಾಗಿ ಕೂರಲು ಬಿಡಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿ, ಅದನ್ನು ಹಕ್ಕಿನ ಹೋರಾಟವಾಗಿಸಿದರು.

ಕೆರೆಯ ನೀರು ಎಲ್ಲರದ್ದಾದರೆ ಅದರ ಹೂಳೂ ಎಲ್ಲರದ್ದು. ಶಿಗ್ಗಾವಿಯಿರಲಿ, ಹಿರೇಕೆರೂರಿರಲಿ, ನಿಮ್ಮೂರ ಕೆರೆಯ ಹೂಳೆತ್ತುವಾಗ ಆ ಮಣ್ಣು ಟ್ರ್ಯಾಕ್ಟರ್ ಇದ್ದವರ ಹೊಲಕ್ಕಷ್ಟೇ ಹೋಗದಿರಲಿ. ಒಂದೆಕರೆಯ ನಮ್ಮ ಅಕ್ಕನ ಹೊಲಕ್ಕೂ ಪಾಲು ಬರಲಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಸಿಟ್ಟಿಲ್ಲದೆ ಕೇಳಿ, ತಲೆ ತಗ್ಗಿಸದೆ ಕೇಳಿ.

ಭವತು ಸಬ್ಬ ಮಂಗಲಂ 🪷