ಹೌದಪ್ಪನ ಚಾವಡಿಯಲ್ಲೊಬ್ಬ ಅಲ್ಲಪ್ಪ

ಎಲ್ಲರೂ ಚಪ್ಪಾಳೆ ತಟ್ಟುವಾಗ ಒಬ್ಬ ಮಾತ್ರ ಕೈಕಟ್ಟಿ ನಿಂತರೆ ಅವನನ್ನ ಏನಂತ ಕರೀತೀವಿ? ಹೊಟ್ಟೆಕಿಚ್ಚಿನವನು, ಸಿನಿಕ, ಮೊಸರಲ್ಲಿ ಕಲ್ಲು ಹುಡುಕೋನು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯ ಐರಿಷ್ ಕ್ರೀಡಾ ವರದಿಗಾರ ಡೇವಿಡ್ ವಾಲ್ಷ್ ಹದಿಮೂರು ವರ್ಷ ಇಂಥ ಬಿರುದುಗಳನ್ನು ಹೊತ್ತು ಓಡಾಡಿದರು.

1999ರ ಟೂರ್ ಡಿ ಫ್ರಾನ್ಸ್. ಹಿಂದಿನ ವರ್ಷವಷ್ಟೇ ಫೆಸ್ಟಿನಾ ತಂಡದ ಕಾರಿನಲ್ಲಿ ರಾಶಿ ಮದ್ದು ಸಿಕ್ಕಿ ಸೈಕ್ಲಿಂಗ್‌ನ ಮಾನ ಹರಾಜಾಗಿತ್ತು. ಈ ಸಲ ಆಟ ಶುದ್ಧವಾಗಿದೆ ಅನ್ನೋದು ಎಲ್ಲರ ಮಾತು. ವಾಲ್ಷ್‌ಗೆ ಕುಟುಕಿದ್ದು ಒಂದು ಸರಳ ಲೆಕ್ಕ: ಮದ್ದು ಬಿಟ್ಟಿದ್ದರೆ ವೇಗ ಇಳಿಯಬೇಕಲ್ವಾ? ಆದರೆ ಸರಾಸರಿ ವೇಗ ಆ ವರ್ಷ ಮೊದಲ ಬಾರಿಗೆ ಗಂಟೆಗೆ 40 ಕಿ.ಮೀ. ದಾಟಿತು. ಅರ್ಧ ಸರ್ವರ್ ಕಿತ್ತುಹಾಕಿದ ಮೇಲೂ ಆ್ಯಪ್ ಮೊದಲಿಗಿಂತ ಜೋರಾಗಿ ಓಡ್ತಿದೆ ಅಂದ್ರೆ, ಕೇಕ್ ಕತ್ತರಿಸೋ ಮುಂಚೆ ಒಂದ್ಸಲ ಲಾಗ್ ನೋಡಬೇಕು ತಾನೆ?

ಲಾಗ್ ನೋಡೋ ಮನಸ್ಸು ಹೆಚ್ಚಿನವರಿಗೆ ಇರಲಿಲ್ಲ. ಯಾಕಂದ್ರೆ ಗೆದ್ದವನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1996ರಲ್ಲಿ ಶ್ವಾಸಕೋಶ, ಮಿದುಳಿಗೂ ಹಬ್ಬಿದ್ದ ಕ್ಯಾನ್ಸರ್ ಗೆದ್ದು ಬಂದವನು. ಅವನನ್ನು ನೋಡಿ ಎಷ್ಟೋ ರೋಗಿಗಳು ಬದುಕೋ ಛಲ ಹಿಡಿದರು. ಆಮೇಲೆ ಹಳದಿ ಬ್ಯಾಂಡು ಕೋಟಿಗಟ್ಟಲೆ ಕೈಗಳನ್ನೇರಿತು. ಇಂಥವನ ಮೇಲೆ, ಕೈಯಲ್ಲಿ ಪುರಾವೆ ಇಲ್ಲದೆ ಅನುಮಾನ ಪಡೋದು ಸರಿಯಾ?

ಪ್ರಶ್ನೆ ಸುಲಭದ್ದಲ್ಲ. "ನಾನು ಆರೋಪ ಮಾಡ್ತಿಲ್ಲ, ಬರೀ ಕೇಳ್ತಿದೀನಿ" ಅನ್ನೋ ಮಾತಿನ ಹಿಂದೆ ಎಷ್ಟು ಹೇಡಿತನ ಅಡಗಿರುತ್ತೆ ಅನ್ನೋದನ್ನ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳೇ ತೋರಿಸ್ತವೆ. ವ್ಯತ್ಯಾಸ ಎಲ್ಲಿದೆ ಅಂದ್ರೆ, ಪ್ರಶ್ನೆ ಕೇಳಿದವನು ಆಮೇಲೆ ಏನು ಮಾಡ್ತಾನೆ ಅನ್ನೋದ್ರಲ್ಲಿ. ಗಾಳಿಸುದ್ದಿಯವನು ಫಾರ್ವರ್ಡ್ ಮಾಡಿ ಮಲಗ್ತಾನೆ. ವಾಲ್ಷ್ ಉತ್ತರ ಹುಡುಕಿಕೊಂಡು ಹೋದರು. 2001ರಲ್ಲಿ, ಆರ್ಮ್‌ಸ್ಟ್ರಾಂಗ್‌ಗೂ ಇಟಲಿಯ ವಿವಾದಿತ ವೈದ್ಯ ಮಿಕೆಲೆ ಫೆರಾರಿಗೂ ಇದ್ದ ನಂಟನ್ನು ಬರೆದರು. ತಂಡದ ಮಸಾಜ್ ಕೆಲಸದಲ್ಲಿದ್ದ ಎಮ್ಮಾ ಓ'ರೈಲಿಯನ್ನು ಮಾತಾಡಿಸಿದರು. 1999ರಲ್ಲಿ ಸ್ಟೆರಾಯ್ಡ್ ಅಂಶ ಸಿಕ್ಕಾಗ ಹಳೇ ತಾರೀಖು ಹಾಕಿದ ವೈದ್ಯರ ಚೀಟಿ ತಯಾರಾದ ಕಥೆ ಹೇಳಿದ್ದು ಅವರೇ. 2004ರಲ್ಲಿ ಪಿಯೆರ್ ಬ್ಯಾಲೆಸ್ಟರ್ ಜೊತೆ ಸೇರಿ ಫ್ರೆಂಚ್‌ನಲ್ಲಿ ಪುಸ್ತಕ ತಂದರು.

ಫಲ? ಪುಸ್ತಕದ ವಿಷಯ ಬರೆದಿದ್ದಕ್ಕೆ ಸಂಡೇ ಟೈಮ್ಸ್ ಮೇಲೆ ಮಾನನಷ್ಟ ಮೊಕದ್ದಮೆ ಬಿತ್ತು. 2006ರಲ್ಲಿ ಪತ್ರಿಕೆ 3 ಲಕ್ಷ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕಿಂತ ನನ್ನನ್ನ ಕಾಡೋದು ಇನ್ನೊಂದು ಚಿಕ್ಕ ಸಂಗತಿ. 2004ರ ಟೂರ್‌ನಲ್ಲಿ ಜೊತೆಗೆ ಕಾರಿನಲ್ಲಿ ಓಡಾಡಬೇಕಿದ್ದ ವರದಿಗಾರರು ವಾಲ್ಷ್‌ರನ್ನು ಹತ್ತಿಸಿಕೊಳ್ಳಲಿಲ್ಲ. ಇವರು ಕಾರಲ್ಲಿದ್ದರೆ ಆರ್ಮ್‌ಸ್ಟ್ರಾಂಗ್ ತಂಡ ತಮ್ಮ ಜೊತೆ ಮಾತಾಡಲ್ಲ ಅನ್ನೋ ಭಯ.

ಅವರೇನು ಕೆಟ್ಟವರಲ್ಲ. ಡೆಡ್‌ಲೈನ್ ಇತ್ತು, ಸಂಪಾದಕರಿಗೆ ಸಂದರ್ಶನ ಬೇಕಿತ್ತು, ಮನೆಗೆ ಸಂಬಳ ಬೇಕಿತ್ತು. ಸುಳ್ಳು ದೊಡ್ಡದಾಗೋಕೆ ಸುಳ್ಳುಗಾರರ ದಂಡೇನೂ ಬೇಕಿಲ್ಲ. ಇಎಮ್‌ಐ ಕಟ್ಟೋ ಮರ್ಯಾದಸ್ಥರು ತಮ್ಮ ಪಾಡಿಗೆ ತಾವಿದ್ದರೆ ಸಾಕು. ಹೌದಪ್ಪನ ಚಾವಡೀಲಿ ಅಲ್ಲಪ್ಪನನ್ನ ಕೇಳೋರು ಯಾರು ಅಂತ ಹಳ್ಳೀಲಿ ಸುಮ್ಮನೆ ಹೇಳಲ್ಲ. ರಿವ್ಯೂ ಮೀಟಿಂಗಲ್ಲಿ ಮ್ಯೂಟ್ ಒತ್ತಿ ಕೂರೋ ನಮಗೆ ಈ ಚಾವಡಿ ಹೊಸದೇನಲ್ಲ.

ಹಾಗಾದ್ರೆ ರೋಗಿಗಳ ಭರವಸೆ? ಆರ್ಮ್‌ಸ್ಟ್ರಾಂಗ್ ಸಾವಿನಿಂದ ಪಾರಾಗಿದ್ದು ನಿಜ. ಟೂರ್ ಗೆದ್ದ ರೀತಿ ಮಾತ್ರ ಮೋಸ. ಎರಡನ್ನೂ ಸೇರಿಸಿ ಗಂಟು ಹಾಕಿದ್ದು ವಾಲ್ಷ್ ಅಲ್ಲ. ಭರವಸೆಯನ್ನ ಗುರಾಣಿ ಮಾಡಿಕೊಂಡವನದ್ದು ತಪ್ಪೇ ಹೊರತು ಗುರಾಣಿಯ ಹಿಂದೇನಿದೆ ಅಂತ ಕೇಳಿದವನದ್ದಲ್ಲ. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ವರದಿ ಬಂತು, ಏಳೂ ಪ್ರಶಸ್ತಿ ಹೋದವು. 2013ರ ಜನವರಿಯಲ್ಲಿ ಆತನೇ ಓಪ್ರಾ ವಿನ್‌ಫ್ರೀ ಎದುರು ಒಪ್ಪಿಕೊಂಡ.

ವಾಲ್ಷ್ ತಮ್ಮ ಮಗ ಜಾನ್ ಬಗ್ಗೆ ಹೇಳೋದುಂಟು. ಯೇಸು ಹುಟ್ಟಿದ ಕಥೆ ಕೇಳಿದ ಆ ಹುಡುಗ ಟೀಚರ್‌ನ ಕೇಳಿದ್ದನಂತೆ: ಮೇರಿ, ಜೋಸೆಫ್ ಅಷ್ಟು ಬಡವರಾದ್ರೆ, ಜ್ಞಾನಿಗಳು ಕೊಟ್ಟ ಚಿನ್ನ ಏನಾಯ್ತು? 1995ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಸೈಕಲ್ ಅಪಘಾತದಲ್ಲಿ ಅವನು ತೀರಿಕೊಂಡ. ಆ ಪ್ರಶ್ನೆಯಲ್ಲಿ ದ್ವೇಷ ಇಲ್ಲ, ಗಮನ ಇದೆ. ಕಥೆಯನ್ನ ಪ್ರೀತಿಯಿಂದ ಪೂರ್ತಿ ಕೇಳಿಸಿಕೊಂಡವನಿಗೆ ಮಾತ್ರ ಚಿನ್ನದ ಲೆಕ್ಕ ತಪ್ಪಿದ್ದು ಕಾಣುತ್ತೆ.

ಆದರೂ ವಾಲ್ಷ್‌ರನ್ನ ಪೂಜೆ ಮಾಡೋದು ಬೇಡ. ಅವರ ಬೆನ್ನಿಗೆ ಒಂದು ಪತ್ರಿಕೆ ಇತ್ತು. ಎಮ್ಮಾಗೆ ಏನಿತ್ತು? ಅವಳ ನಡತೆಯ ಮೇಲೆ ಕೆಸರು ಎರಚಿದರು, ಕೋರ್ಟಿಗೂ ಎಳೆದರು. ಸತ್ಯದ ಬಿಲ್ ಬಂದಾಗ ದುಬಾರಿ ಪಾಲು ಬೀಳೋದು ಸಾಮಾನ್ಯವಾಗಿ ಕೆಳಗಿನ ಕೆಲಸದವರ ಮೇಲೇ. ಇನ್ನೊಂದು ಮಾತು: 2013ರಲ್ಲಿ ಇದೇ ವಾಲ್ಷ್ ಟೀಮ್ ಸ್ಕೈ ಜೊತೆ ಇದ್ದು, ಅವರನ್ನು ನಂಬಿ ಪುಸ್ತಕ ಬರೆದರು. 2016ರಲ್ಲಿ ಆ ತಂಡದ ಔಷಧಿ ವಿನಾಯಿತಿಗಳ ವಿಷಯ ಹೊರಬಿದ್ದಾಗ, ಅಷ್ಟು ನಂಬಿದ್ದು ಹೆಚ್ಚಾಯ್ತೇನೋ ಅಂತ ಓದುಗರೇ ಅವರನ್ನ ಕೇಳಿದರು.

ಅದಕ್ಕೇ ಪ್ರಶ್ನೆ ಕೇಳೋದು ಒಬ್ಬರ ಹುಟ್ಟುಗುಣ ಅಂತ ನನಗನ್ನಿಸಲ್ಲ. ಒಂದ್ಸಲ ಕೇಳಿ ಗೆದ್ದವರೂ ಮುಂದಿನ ಸಲ ಮತ್ತೆ ಮೊದಲಿಂದ ಶುರು ಮಾಡಬೇಕಾದ ಕೆಲಸ ಅದು, ಮನೆ ಕಸ ಗುಡಿಸಿದ ಹಾಗೆ. ಮತ್ತೆ, ಕೇಳೋ ಧೈರ್ಯ ಇಲ್ಲದ ದಿನ ನಮ್ಮ ಕೈಲಿ ಆಗೋ ಚಿಕ್ಕ ಕೆಲಸವೂ ಒಂದಿದೆ: ಕೇಳಿದವನನ್ನ ಕಾರಿಂದ ಇಳಿಸದೇ ಇರೋದು.