ಮುಯ್ಯಿ

ಹಗೆ ತೀರಿಸಿಕೊಳ್ಳಬೇಕೆಂಬ ಬಯಕೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತುಗಳ ಬಡತನವಿಲ್ಲ. ಸೇಡು, ಜಿದ್ದು, ಹಗೆ, ಪ್ರತೀಕಾರ ಎಂಬಿವೆಲ್ಲ ಬಳಕೆಯಲ್ಲಿರುವುವೇ. ಆದರೆ ಇವುಗಳ ಪಂಕ್ತಿಯಲ್ಲಿ ಕುಳಿತಿದ್ದರೂ ಇವುಗಳ ಕುಲಕ್ಕೆ ಪೂರ್ತಿಯಾಗಿ ಸೇರದ ಮಾತೊಂದುಂಟು, ಅದು ‘ಮುಯ್ಯಿ’. ಮುಯ್ಯಿಗೆ ಮುಯ್ಯಿ ಎಂದರೆ ಪೆಟ್ಟಿಗೆ ಪೆಟ್ಟು. ಮದುವೆಯ ಚಪ್ಪರದಲ್ಲಿ ನಂಟರಿಷ್ಟರು ವಧೂವರರಿಗೆ ಕೊಡುವ ಕಾಣಿಕೆಯೂ ಮುಯ್ಯಿಯೇ. ಈ ದಿನ ನೆರೆಯವನ ಹೊಲದಲ್ಲಿ ಕೂಲಿಯಿಲ್ಲದೆ ದುಡಿದು, ಮರುದಿನ ಅವನ ದುಡಿಮೆಯನ್ನು ತನ್ನ ಹೊಲಕ್ಕೆ ಪಡೆಯುವ ಒಕ್ಕಲಿಗನು ಮುಯ್ಯಾಳು. ಒಲವಿನ ಕೊಡುಗೆಗೂ ಹಗೆಯ ಪೆಟ್ಟಿಗೂ ಜನರ ನಾಲಗೆ ಒಂದೇ ಹೆಸರನ್ನು ಇಟ್ಟುದೇಕೆ?

ಪಡೆದುದನ್ನು ಹಿಂತಿರುಗಿಸುವುದೇ ಈ ಮಾತಿನ ತಿರುಳು. ಪಡೆದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ವಿವೇಚನೆ ಅದಕ್ಕಿಲ್ಲ. ಕನ್ನಡದ ಕ್ರಿಯಾಪದಗಳೂ ಇದನ್ನೇ ಸಾರುತ್ತವೆ: ಸಾಲವನ್ನು ತೀರಿಸುತ್ತಾರೆ, ಋಣವನ್ನು ತೀರಿಸುತ್ತಾರೆ, ಸೇಡನ್ನೂ ತೀರಿಸುತ್ತಾರೆ. ಸಂಸ್ಕೃತದ ಸಾಕ್ಷ್ಯವೂ ಬೇರೆಯಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಸೇಡಿಗೆ ಮೂರು ಹೆಸರುಗಳನ್ನು ಕೊಟ್ಟಿದ್ದಾನೆ: ವೈರಶುದ್ಧಿ, ಪ್ರತೀಕಾರ, ವೈರನಿರ್ಯಾತನ. ನಿರ್ಯಾತನವೆಂದರೆ ಇಟ್ಟ ಒತ್ತೆಯನ್ನು ಮರಳಿ ಒಪ್ಪಿಸುವುದು, ಸಾಲವನ್ನು ಸಲ್ಲಿಸುವುದು. ಪ್ರತೀಕಾರವು ವೈದ್ಯರ ಬಾಯಲ್ಲಿ ರೋಗಕ್ಕೆ ಮಾಡುವ ಪರಿಹಾರ. ಹೀಗೆ ಒಂದೇ ಬಯಕೆಯನ್ನು ಒಬ್ಬರು ಶುದ್ಧಿಯೆಂದೂ, ಒಬ್ಬರು ಚಿಕಿತ್ಸೆಯೆಂದೂ, ಮತ್ತೊಬ್ಬರು ಲೆಕ್ಕ ಚುಕ್ತಾ ಮಾಡುವುದೆಂದೂ ಕಂಡಿದ್ದಾರೆ.

ಈ ಲೆಕ್ಕವು ಕೇವಲ ಅಲಂಕಾರವಲ್ಲ. ಆಪಸ್ತಂಬ ಧರ್ಮಸೂತ್ರವು ಕ್ಷತ್ರಿಯನನ್ನು ಕೊಂದವನು 1000 ಹಸುಗಳನ್ನೂ, ವೈಶ್ಯನನ್ನು ಕೊಂದವನು 100 ಹಸುಗಳನ್ನೂ, ಶೂದ್ರನನ್ನು ಕೊಂದವನು 10 ಹಸುಗಳನ್ನೂ ಕೊಡಬೇಕೆಂದು ವಿಧಿಸುತ್ತದೆ. ಒಂದು ಜೀವಕ್ಕೂ ಮತ್ತೊಂದು ಜೀವಕ್ಕೂ ಬೆಲೆಯಲ್ಲಿ ಇಂಥ ಅಂತರವನ್ನಿಟ್ಟುದು ಇಂದಿನ ನ್ಯಾಯಬುದ್ಧಿಗೆ ಸರ್ವಥಾ ಒಪ್ಪತಕ್ಕುದಲ್ಲ. ಆದರೆ ಆ ವಿಧಿಯ ಉದ್ದೇಶ ಗಮನಾರ್ಹವಾದುದು. ಹಸುಗಳನ್ನು ಕೊಡುವುದು ವೈರವನ್ನು ತೀರಿಸುವುದಕ್ಕಾಗಿ. ಅವುಗಳ ಮೇಲೆ ಕೊಡುವ ಒಂದು ಹೋರಿ ಪ್ರಾಯಶ್ಚಿತ್ತಕ್ಕಾಗಿ. ಪಾಪದ ಲೆಕ್ಕ ಬೇರೆ, ಹಗೆಯ ಲೆಕ್ಕ ಬೇರೆ ಎಂಬುದು ಸೂತ್ರಕಾರನಿಗೆ ತಿಳಿದಿತ್ತು. ಅಪರಾಧಿಯ ಆತ್ಮ ಶುದ್ಧವಾದ ಮಾತ್ರಕ್ಕೆ ನೊಂದವರ ಮನೆಯ ಬೆಂಕಿ ಆರುವುದಿಲ್ಲ.

ಹಾಗಾದರೆ ಸೇಡು ನಿಜವಾಗಿಯೂ ಸಾಲವೆ? ಇಲ್ಲಿ ಒಂದು ತೊಡಕುಂಟು. ಸಾಲದಲ್ಲಿ ತೀರಿಸತಕ್ಕವನು ಪಡೆದು ಸುಖಪಟ್ಟವನು. ಸೇಡಿನಲ್ಲಿಯಾದರೋ, ಪೆಟ್ಟು ತಿಂದವನೇ ತಾನು ಸಾಲಗಾರನೆಂದು ತಿಳಿದು ನಿದ್ದೆಗೆಡುತ್ತಾನೆ. ಬೇಡದ ಮುಯ್ಯಿಯನ್ನು ಅವನ ಕೈಯಲ್ಲಿ ತುರುಕಿ ಹೋದವನು ಬೇರೊಬ್ಬ. ಅದರ ಭಾರವನ್ನು ಹೊರುವವನು ಇವನು. ಇದಕ್ಕೆ ಬುದ್ಧನು ಹೇಳಿದ ಉಪಾಯವೊಂದು ಪಾಲಿ ಗ್ರಂಥಗಳಲ್ಲಿದೆ. ತನ್ನನ್ನು ಬೈಯಲು ಬಂದ ಭಾರದ್ವಾಜನನ್ನು ಅವನು ಕೇಳಿದನಂತೆ: ಅತಿಥಿಗಳು ಮುಟ್ಟದೆ ಬಿಟ್ಟ ಭೋಜನವು ಯಾರದು? ಬಡಿಸಿದವನದೇ ಎಂದಾಗ, ತಾನು ಸ್ವೀಕರಿಸದ ಬೈಗುಳವೂ ಬೈದವನದೇ ಎಂದನು. ಈಗ ಎಷ್ಟೋ ಮದುವೆಯ ಕರೆಯೋಲೆಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚುಹಾಕಿಸುವವರೂ ಒಂದರ್ಥದಲ್ಲಿ ಇದನ್ನೇ ಮಾಡುತ್ತಾರೆ: ಮುಯ್ಯಿಯನ್ನು ಪಡೆಯದವರಿಗೆ ಮುಯ್ಯಿಯ ಹೊರೆಯಿಲ್ಲ.

ಬೈಗುಳದ ವಿಷಯದಲ್ಲಿ ಇದು ನೂರಕ್ಕೆ ನೂರು ಸರಿ. ಆದರೆ ಬೈಗುಳವನ್ನು ನಿರಾಕರಿಸಿದಂತೆ ಮೈಮೇಲೆ ಬಿದ್ದ ಪೆಟ್ಟನ್ನು ನಿರಾಕರಿಸಲು ಬರುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಆ ಸಾವನ್ನು ಸ್ವೀಕರಿಸಲಿಲ್ಲವೆಂದು ಹಿಂದಿರುಗಿಸಲಾರಳು. ಅಂಥವರಿಗೆ ‘ಮರೆತುಬಿಡು’ ಎಂದು ಉಪದೇಶಿಸುವುದು ಸುಲಭ. ಅದನ್ನು ಹೇಳುವವರು ಬಹುಮಟ್ಟಿಗೆ ಏನನ್ನೂ ಕಳೆದುಕೊಳ್ಳದವರು. ಸೇಡಿನ ಬಯಕೆಯಲ್ಲಿ ಕ್ರೌರ್ಯವುಂಟು, ನಿಜ. ಅದರ ತಳದಲ್ಲಿ, ಆದ ನಷ್ಟವು ಎಲ್ಲಿಯಾದರೂ ಲೆಕ್ಕಕ್ಕೆ ಬರಲಿ ಎಂಬ ನ್ಯಾಯವಾದ ಹಂಬಲವೂ ಉಂಟು. ಮರೆವಿನ ಉಪದೇಶವು ಕ್ರೌರ್ಯದೊಡನೆ ಈ ಹಂಬಲವನ್ನೂ ತುಳಿಯುತ್ತದೆ.

ಚಪ್ಪರದ ಪದ್ಧತಿಯು ಇಲ್ಲಿ ದಾರಿ ತೋರಬಲ್ಲುದು. ಮುಯ್ಯಿಯನ್ನು ಹತ್ತು ಜನರ ಎದುರಿನಲ್ಲಿ ಕೂಗಿ ಹೇಳಿ, ಪುಸ್ತಕದಲ್ಲಿ ಬರೆದುಕೊಳ್ಳುವ ವಾಡಿಕೆಯುಂಟು. ಕೊಟ್ಟವನಾಗಲಿ ಪಡೆದವನಾಗಲಿ ಅದನ್ನು ಹಿಗ್ಗಿಸಲೂ ಕುಗ್ಗಿಸಲೂ ಆಗದು. ಸೇಡಿಗೆ ಇಂಥ ಪುಸ್ತಕವಿಲ್ಲ. ಹೊಡೆದವನಿಗೆ ತನ್ನ ಪೆಟ್ಟು ಕಿರಿದು, ತಿಂದವನಿಗೆ ಅದೇ ಹಿರಿದು. ಆದಕಾರಣ ಸರಿಸಮನಾಗಿ ಹಿಂದಿರುಗಿಸಿದೆನೆಂದುಕೊಂಡವನು ಹೆಚ್ಚಾಗಿಯೇ ಹಿಂದಿರುಗಿಸಿರುತ್ತಾನೆ. ಮದುವೆಯ ಮುಯ್ಯಿಯಲ್ಲಿ ಪಡೆದುದಕ್ಕಿಂತ ಒಂದಿಷ್ಟು ಹೆಚ್ಚಿಗೆ ಕೊಟ್ಟರೆ ನಂಟು ಬೆಳೆಯುತ್ತದೆ. ಹಗೆಯ ಮುಯ್ಯಿಯಲ್ಲಿ ಅದೇ ಹೆಚ್ಚಳದಿಂದ ಹಗೆ ಬೆಳೆಯುತ್ತದೆ. ನ್ಯಾಯಸ್ಥಾನವೆಂಬುದು ಹಗೆಗಾಗಿ ಸಮಾಜವು ತೆರೆದಿಟ್ಟ ಮುಯ್ಯಿಯ ಪುಸ್ತಕ. ಅಪರಾಧಿಯನ್ನು ನೋಯಿಸುವುದಕ್ಕಿಂತ ಮೊದಲು, ಆದ ಅನ್ಯಾಯವನ್ನು ಹತ್ತು ಜನರ ಎದುರಿನಲ್ಲಿ ಅನ್ಯಾಯವೆಂದು ಓದಿ ಹೇಳುವುದು ಅದರ ಕೆಲಸ.

ಪುಸ್ತಕವು ಅಳೆಯಬಲ್ಲುದು, ಸಾಕು ಎನ್ನುವುದು ಮಾತ್ರ ನೊಂದವರಿಗೇ ಸೇರಿದ ಅಧಿಕಾರ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ಮಲಗಿದ್ದ ಐವರು ಮಕ್ಕಳನ್ನೂ ಅಣ್ಣನನ್ನೂ ಕೊಂದಾಗ, ದ್ರೌಪದಿಯು ಕೊಂದವನ ಪ್ರಾಣವನ್ನೂ ಅವನ ತಲೆಯ ಮಣಿಯನ್ನೂ ಬೇಡಿ ಪ್ರಾಯೋಪವೇಶಕ್ಕೆ ಕುಳಿತಳು. ಕೊನೆಗೆ ಬಂದುದು ಮಣಿಯೊಂದೇ. ಅದನ್ನು ಕಂಡು ಅವಳು ಗುರುಪುತ್ರನೂ ಗುರುವೇ ಎಂದಳು, ಮಣಿಯನ್ನು ಧರ್ಮರಾಯನು ಧರಿಸಲಿ ಎಂದಳು. ತನಗೆ ದೊರೆತುದಕ್ಕೆ ಅವಳಿಟ್ಟ ಹೆಸರು ‘ಆನೃಣ್ಯ’, ಎಂದರೆ ಋಣ ತೀರಿದ ಸ್ಥಿತಿ. ಸಂತೋಷವೆಂದು ಅವಳು ಹೇಳಲಿಲ್ಲ, ಶಾಂತಿಯೆಂದೂ ಹೇಳಲಿಲ್ಲ. ಐವರು ಮಕ್ಕಳಿಗೆ ಒಂದು ಮಣಿ ಸಮವಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಮವಾಗುವ ವಸ್ತು ಲೋಕದಲ್ಲಿಯೇ ಇಲ್ಲವೆಂದರಿತು, ದೊರೆತಷ್ಟರಲ್ಲಿ ಲೆಕ್ಕವನ್ನು ಮುಚ್ಚಿದಳು. ಹಾಗೆ ಮುಚ್ಚುವ ಕೈ ಅವಳದಾಗಿತ್ತು. ಅದನ್ನು ಅವಳ ಪರವಾಗಿ ಬೇರೊಬ್ಬರು ಮುಚ್ಚಿದ್ದರೆ ಅದು ಮತ್ತೊಂದು ಅನ್ಯಾಯವಾಗುತ್ತಿತ್ತು.