ಕಲೆ ಉಳಿದರೆ ಉಳಿಯಲಿ

ಹೋದ ವರ್ಷ ನಮ್ಮ ವಿಜ್ಞಾನದ ಮೇಡಂ ರಜೆ ಹಾಕಿದ್ದ ಒಂದು ದಿನ ಅವರ ಪೀರಿಯಡ್ಡಿಗೆ ನಾನು ಹೋಗಿ ಕುಳಿತಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊಣಕೈ ತೋರಿಸಿ, "ಮಿಸ್, ಗಾಯ ವಾಸಿಯಾದ ಮೇಲೂ ಕಲೆ ಯಾಕೆ ಉಳಿಯುತ್ತೆ?" ಎಂದು ಕೇಳಿದಳು. ನಾನು ಸಮಾಜ ಪಾಠದವಳು. "ನಿಮ್ಮ ಮೇಡಂ ಬರಲಿ, ಕೇಳೋಣ" ಎಂದು ಜಾರಿಕೊಂಡೆ. ಆದರೆ ಪ್ರಶ್ನೆ ನನ್ನ ಹಿಂದೆಯೇ ಮನೆಗೆ ಬಂತು. ನನ್ನ ಎಡ ಹೆಬ್ಬೆರಳ ಬುಡದಲ್ಲೂ ಅಂಥದೊಂದು ಕಲೆಯಿದೆ.

ಅದು ಹನ್ನೆರಡು ವರ್ಷದ ಹಿಂದಿನದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, "ಖಾತೆ ಬದಲಾವಣೆಗೆ ಬೇಕು, ಸಹಿ ಹಾಕು" ಎಂದ. ಒಡಹುಟ್ಟಿದವನು ಕೊಟ್ಟ ಕಾಗದವನ್ನು ಯಾರಾದರೂ ಓದುತ್ತಾರೆಯೇ? ಮನೆ, ಜಮೀನಿನಲ್ಲಿ ನನ್ನ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಅದೆಂದು ತಿಳಿದದ್ದು ಆರು ತಿಂಗಳ ಮೇಲೆ. ಆ ಸಂಜೆ ಈಳಿಗೆಮಣೆಯ ಮುಂದೆ ಕುಳಿತಿದ್ದೆ. ಕೈಯಲ್ಲಿ ಕುಂಬಳಕಾಯಿ, ಮನಸ್ಸು ತವರಿನಲ್ಲಿ. ಐದು ಹೊಲಿಗೆ ಬಿತ್ತು.

ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆ. ಕೇಳಲಿಲ್ಲವಲ್ಲ, ಗಾಯ ಅಲ್ಲಿತ್ತು. ಅಮ್ಮ ಮಾತ್ರ ಇವತ್ತಿಗೂ ಹೇಳುತ್ತಾಳೆ: "ಅವನೇನು ಹೊರಗಿನವನೇ? ಮರೆತುಬಿಡು. ಮರೆಯದಿದ್ದರೆ ಅದೆಂಥ ಕ್ಷಮೆ?" ಕ್ಷಮಿಸಿದ್ದೇನೆಂದೇ ನಾನು ತಿಳಿದಿದ್ದೆ. ಮರೆಯಲು ಮಾತ್ರ ಆಗಿರಲಿಲ್ಲ. ಹಾಗಾದರೆ ನನ್ನ ಕ್ಷಮೆ ಬರೀ ಸೋಗೇ?

ವಿಜ್ಞಾನದ ಮೇಡಂ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಬಿಡಿಸಿ ಹೇಳಿದರು. ಚರ್ಮ ಕೊಯ್ದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಗಂಟೆಗಳೊಳಗೆ ಬಿಳಿ ರಕ್ತಕಣಗಳು ಬಂದು ರೋಗಾಣುಗಳ ಮೇಲೆ ಬೀಳುತ್ತವೆ. ಕೆಲವು ದಿನಗಳಲ್ಲಿ ಕೊಲಾಜೆನ್ ಎಂಬ ಎಳೆಗಳ ನೇಯ್ಗೆ ಶುರುವಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ನೇಯುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ದೇಹಕ್ಕೆ ಮೊದಲು ಬೇಕಾದದ್ದು ಅಂದವಲ್ಲ, ಪ್ರಾಣ. ಆದ್ದರಿಂದ ಅವಸರದಲ್ಲಿ ತೇಪೆ ಹಾಕುತ್ತದೆ. ಆ ತೇಪೆಯಲ್ಲಿ ಕೂದಲು ಬೆಳೆಯದು, ಬೆವರೂ ಬಾರದು. ಎಷ್ಟೇ ಚೆನ್ನಾಗಿ ಮಾಯ್ದರೂ ಮೊದಲಿನ ಚರ್ಮದ ಬಲದಲ್ಲಿ ಶೇಕಡಾ 80ರಷ್ಟು ಬಂದರೆ ಹೆಚ್ಚು. ಗರ್ಭದಲ್ಲಿರುವ ಮಗುವಿಗೆ, ಸುಮಾರು ಆರನೇ ತಿಂಗಳವರೆಗೆ, ಚರ್ಮದ ಗಾಯ ಕಲೆಯಿಲ್ಲದೆ ಮಾಯುತ್ತದಂತೆ. ಆಮೇಲೆ ನಮಗ್ಯಾರಿಗೂ ಆ ಭಾಗ್ಯವಿಲ್ಲ.

ಕೇಳುತ್ತಾ ಹೆಬ್ಬೆರಳು ಸವರಿಕೊಂಡೆ. ನೋವಿಲ್ಲ, ಕೀವಿಲ್ಲ, ದಿನವೂ ಇದೇ ಕೈಯಲ್ಲಿ ಹಿಟ್ಟು ಕಲಸುತ್ತೇನೆ. ಇದನ್ನು ವಾಸಿಯಾಗಿಲ್ಲ ಎನ್ನಲಾದೀತೇ? ಕಲೆಯೆಂದರೆ ಗಾಯವಲ್ಲ, ಗಾಯ ಮುಚ್ಚಿದ್ದಕ್ಕೆ ಗುರುತು. ಅಮ್ಮ ನನ್ನಿಂದ ಕೇಳುತ್ತಿದ್ದದ್ದು ಗರ್ಭದೊಳಗಿನ ಮಗುವಿನ ಚರ್ಮವನ್ನು. ಐವತ್ತು ದಾಟಿದವಳು ಅದನ್ನು ಎಲ್ಲಿಂದ ತರಲಿ?

ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ನಾನು ಇತಿಹಾಸ ಓದಿಕೊಂಡವಳು, ಹಳೆಯದೊಂದು ಸಂಗತಿ ನೆನಪಾಯಿತು. 1740ರಲ್ಲಿ ಇಂಗ್ಲೆಂಡಿನಿಂದ ಆನ್ಸನ್ ಎಂಬ ನೌಕಾಧಿಕಾರಿ ಪ್ರಪಂಚ ಸುತ್ತಲು ಹೊರಟ. ಅವನ ಹಡಗಿನಲ್ಲಿ 1690ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದ ಮುದುಕ ಸೈನಿಕನೊಬ್ಬನಿದ್ದ. ಗಾಯ ಮಾಯ್ದು ಐವತ್ತು ವರ್ಷವಾಗಿತ್ತು. ಸಮುದ್ರದಲ್ಲಿ ತಿಂಗಳುಗಟ್ಟಲೆ ತಾಜಾ ಹಣ್ಣು, ತರಕಾರಿಯಿಲ್ಲದೆ ಸ್ಕರ್ವಿ ರೋಗ ಬಡಿದಾಗ ಆ ಹಳೆಯ ಗಾಯಗಳು ಎಂದೂ ಮಾಯದವುಗಳಂತೆ ಮತ್ತೆ ಬಾಯಿ ತೆರೆದವೆಂದು ಆ ಯಾನದ ಕಥನದಲ್ಲಿ ದಾಖಲಾಗಿದೆ.

ಕಾರಣ ಸರಳ. ಕಲೆಯ ನೇಯ್ಗೆ ಒಮ್ಮೆ ಮುಗಿದು ಸುಮ್ಮನಿರುವಂಥದ್ದಲ್ಲ. ಹಳೆಯ ಎಳೆ ಸವೆಯುತ್ತದೆ, ಹೊಸದು ಬರಬೇಕು. ಅದಕ್ಕೆ 'ಸಿ' ಜೀವಸತ್ವ ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ನೆಲ್ಲಿಕಾಯಿಯಿಂದಲೋ ನಿಂಬೆಹಣ್ಣಿನಿಂದಲೋ ಹೊರಗಿನಿಂದಲೇ ಬರಬೇಕು.

ಕ್ಷಮೆಯೂ ಹೀಗೆಯೇ ಇರಬಹುದೇ? ಒಂದು ದಿನ ಮನಸ್ಸು ಮಾಡಿ ಕ್ಷಮಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಳ್ಳುವ ಒಡವೆಯಲ್ಲ ಅದು. ದಿನದಿನವೂ ನೇಯಬೇಕು. ನೇಯುವವಳು ನಾನೇ ಆದರೂ, ನೇಯುವುದಕ್ಕೆ ಬೇಕಾದದ್ದೆಲ್ಲ ನನ್ನೊಳಗೇ ಹುಟ್ಟುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ "ನೀನೇ ದೊಡ್ಡವಳಾಗು" ಎನ್ನುವವರು ಈ ಅರ್ಧ ಮಾತನ್ನು ಬಿಟ್ಟೇಬಿಡುತ್ತಾರೆ. ನೋಯಿಸಿದವರ ಕಡೆಯಿಂದಲೂ ಆಗಾಗ ಒಂದು ನೆಲ್ಲಿಕಾಯಿಯಷ್ಟಾದರೂ ಬರಬೇಡವೇ?

ಈ ಸಲ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ಹಿಡಿದುಕೊಂಡು ಬಂದ. ಊಟವಾದ ಮೇಲೆ ಸಂಕೋಚದಿಂದ ಕಾಗದವೊಂದನ್ನು ಮುಂದಿಟ್ಟ. ಅಮ್ಮನ ಬ್ಯಾಂಕ್ ಖಾತೆಗೆ ಸಂಬಂಧಿಸಿದ್ದು, ನನ್ನ ಸಹಿಯೂ ಬೇಕಿತ್ತು. ನಾನು ಎದ್ದು ಹೋಗಿ ಕನ್ನಡಕ ತಂದೆ. ಅಮ್ಮನ ಮುಖ ಸಣ್ಣದಾಯಿತು. ಮೊದಲ ಸಾಲಿನಿಂದ ಓದತೊಡಗಿದೆ.

"ನಿಧಾನವಾಗಿ ಓದಮ್ಮ," ಎಂದ ಅಣ್ಣ. "ಹಿಂದೆಯೂ ಬರೆದಿದೆ ನೋಡು."

ಹಾಳೆ ತಿರುಗಿಸಿದೆ. ನಾನು ಓದಿ ಮುಗಿಸುವವರೆಗೂ ಅವನು ತಲೆ ತಗ್ಗಿಸಿ ಕಾದು ಕುಳಿತಿದ್ದ.